ಯುದ್ಧದಿಂದ ಬಂದವರಿಗೆ ಅಜ್ಜಂಪುರದಲ್ಲಿ ಒಂದು ಕೋಣೆ ಕೊಡಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ
ನಿರ್ದೇಶಕರು, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ, ಬೆಂಗಳೂರು
ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು

ವಿಷಯ: ಮಾಜಿ ಸೈನಿಕರಿಗೂ ಅರೆಸೇನಾ ಪಡೆಗಳ ನಿವೃತ್ತರಿಗೂ ತಾಲ್ಲೂಕು ಮಟ್ಟದಲ್ಲಿ ಆಪ್ತಸಮಾಲೋಚನೆ ಮತ್ತು ಧ್ಯಾನವನ್ನು ಒಟ್ಟಿಗೆ ಒದಗಿಸುವ ಬಗ್ಗೆ.

ಮಾನ್ಯರೆ,

ನಮ್ಮ ಕಡೆಯ ಹುಡುಗನೊಬ್ಬ ಸೈನ್ಯದಿಂದ ನಿವೃತ್ತನಾಗಿ ಬಂದ ದಿನ ಏನು ನಡೆಯುತ್ತದೆಂದು ನಿಮಗೆ ಗೊತ್ತಿದೆ. ರೈಲ್ವೆ ಸ್ಟೇಷನ್ನಿನಲ್ಲಿ ಹಾರ, ತೆರೆದ ಜೀಪು, ಡೊಳ್ಳು, ಸರ್ಕಲ್ಲಿನಲ್ಲಿ ಫ್ಲೆಕ್ಸು, ಶಾಲೆಯಲ್ಲಿ ಶಾಲು. ಊರು ಅದನ್ನೆಲ್ಲ ಮನಸಾರೆ ಮಾಡುತ್ತದೆ, ಮಾಡಲೇಬೇಕು. ಆಮೇಲೆ ಪಿಂಚಣಿ ಕಾಗದ, ಕ್ಯಾಂಟೀನ್ ಕಾರ್ಡು, ಇಸಿಎಚ್‌ಎಸ್ ಆರೋಗ್ಯ ಕಾರ್ಡು, ಜಮೀನಿನ ಅರ್ಜಿ. ಇಷ್ಟೆಲ್ಲ ಕಾಗದಗಳ ನಡುವೆ ‘ರಾತ್ರಿ ನಿದ್ದೆ ಬರುತ್ತದೆಯೇನಪ್ಪಾ’ ಎಂದು ಅವನನ್ನು ಕೇಳುವ ಕಚೇರಿ ಒಂದೂ ಇಲ್ಲ. ನನ್ನ ಅಹವಾಲು ಇದೇ.

ಯುದ್ಧ ಕಂಡು ನಲುಗಿದ ಮನಸ್ಸಿಗೆ ಮದ್ದು ಇಲ್ಲವೆಂದಲ್ಲ. ನಮ್ಮ ರಾಜ್ಯದಲ್ಲೇ ಇದೆ. ಉಸಿರು, ಧ್ಯಾನ ಕಲಿಸುವವರು ಆಯುಷ್ ಇಲಾಖೆಯಲ್ಲಿದ್ದಾರೆ. ಕೂರಿಸಿಕೊಂಡು ಮಾತಾಡಿಸಿ ಮನಸ್ಸಿನ ಗಾಯ ಮಾಯಿಸುವವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿದ್ದಾರೆ. ಸೈನಿಕನ ಹೆಸರು, ವಿಳಾಸ ಮೂರನೆಯದಾದ ಸೈನಿಕ ಕಲ್ಯಾಣ ಇಲಾಖೆಯ ಕಡತದಲ್ಲಿದೆ. ಈ ಮೂವರೂ ಒಂದೇ ಕೋಣೆಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಅವರು ಕೂರದೆ ಇರುವುದರಿಂದ ಮನೆಗಳಲ್ಲಿ ಏನಾಗುತ್ತಿದೆಯೆಂಬುದನ್ನು ನಮ್ಮ ಮನೆಯಿಂದಲೇ ಹೇಳುತ್ತೇನೆ.

ನನ್ನ ಅಣ್ಣ 1987ರ ಅಕ್ಟೋಬರಿನಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಹೋದವನು. ಆ ವರ್ಷ ಜುಲೈ 29ರಂದು ಕೊಲಂಬೋದಲ್ಲಿ ನಮ್ಮ ಪ್ರಧಾನಿ ರಾಜೀವ್ ಗಾಂಧಿಯವರೂ ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಹಾಕಿದ್ದರು. ಶಾಂತಿ ಪಾಲನಾ ಪಡೆ ಎಂದು ಹೊರಟ ನಮ್ಮವರು ಮೂರು ತಿಂಗಳು ತುಂಬುವುದರೊಳಗೆ ಸಂದುಗೊಂದಿಗಳಲ್ಲಿ ಕಾದಾಡಬೇಕಾಯಿತು. ನೆಲದಲ್ಲಿ ಹೂತ ಸಿಡಿಮದ್ದು ಎಲ್ಲಿದೆ, ಎದುರು ನಿಂತ ಹುಡುಗನ ಕೈಯಲ್ಲಿ ಏನಿದೆ ಎಂದು ತಿಳಿಯದೆ ಹೆಜ್ಜೆ ಇಡಬೇಕಾದ ಯುದ್ಧ ಅದು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಮದ್ರಾಸಿಗೆ ಬಂದಿಳಿದ ಪಡೆಯನ್ನು ಸ್ವಾಗತಿಸಲು ಅಲ್ಲಿನ ಮುಖ್ಯಮಂತ್ರಿ ಹೋಗಲಿಲ್ಲ. ಕಾರ್ಗಿಲ್ಲಿನವರಿಗೆ ಸಿಕ್ಕ ಮೆರವಣಿಗೆ ಇವರಿಗೆ ಸಿಗಲಿಲ್ಲ. ಆ ಯುದ್ಧ ಸರಿಯೋ ತಪ್ಪೋ ಎಂದು ವಾದಿಸುವವರು ಇಂದಿಗೂ ಇದ್ದಾರೆ, ಆದರೆ ಅದರಿಂದ ಬಂದವರ ನಿದ್ದೆಯ ಬಗ್ಗೆ ಯಾರೂ ವಾದಿಸುವುದಿಲ್ಲ.

ಅಣ್ಣ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಅಡಿಕೆ, ಈರುಳ್ಳಿ ನೋಡಿಕೊಂಡು ಇದ್ದಾನೆ. ಹೋಟೆಲಿಗೆ ಹೋದರೆ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ ಇರುವ ಮೇಜನ್ನೇ ಹುಡುಕುತ್ತಾನೆ. ತೋಟದಲ್ಲಿ ಹೊಸದಾಗಿ ಅಗೆದ ಮಣ್ಣಿನ ಮೇಲೆ ಕಾಲಿಡುವುದಿಲ್ಲ. ಹಂದಿ ಓಡಿಸಲು ಪಕ್ಕದ ಹೊಲದವರು ಪಟಾಕಿ ಹಚ್ಚಿದರೆ ಆ ರಾತ್ರಿ ಮನೆಯ ಯಾರಿಗೂ ನಿದ್ದೆಯಿಲ್ಲ. ನಮ್ಮ ಅತ್ತಿಗೆ ಮೊಮ್ಮಗನಿಗೆ ಮಾತು ಬಂದಾಗಿನಿಂದ ಹೇಳಿಕೊಟ್ಟಿರುವ ಪಾಠ: “ಅಜ್ಜ ಮಲಗಿದ್ದಾಗ ಮೈ ಮುಟ್ಬೇಡ ಕಣೋ. ಕಾಲ್ ಹತ್ರ ದೂರ ನಿಂತ್ಕಂಡು ಕೂಗಿ ಎಬ್ಬಿಸು.” ಮೈ ಮುಟ್ಟಿ ಎಬ್ಬಿಸಿದರೆ ಏನಾಗುತ್ತದೆಂದು ಅವರು ಮದುವೆಯಾದ ಹೊಸದರಲ್ಲೇ ಕಂಡವರು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಸಮಯ ಟಿ.ವಿ.ಯವರು ಸುದ್ದಿಯ ನಡುವೆ ವಾಯುದಾಳಿಯ ಸೈರನ್ ಹಾಕುತ್ತಿದ್ದರಲ್ಲ, ಆಗ ಅಣ್ಣ ಅಡಿಕೆ ಒಣಹಾಕುವ ಅಟ್ಟದ ಕೆಳಗೆ ಹೋಗಿ ಕೂತುಬಿಟ್ಟ. ಜನ ಆ ಸದ್ದಿಗೆ ಒಗ್ಗಿಹೋದರೆ ನಿಜವಾದ ಸೈರನ್ನಿಗೆ ಬೆಲೆ ಇರುವುದಿಲ್ಲವೆಂದು ಕೇಂದ್ರ ಸರ್ಕಾರವೇ ಚಾನೆಲ್‌ಗಳಿಗೆ ಸೂಚನೆ ಕೊಟ್ಟು ಅದನ್ನು ನಿಲ್ಲಿಸಲು ಹೇಳಿತು. ಒಗ್ಗಿಹೋಗಲು ಎಂದೂ ಆಗದವರು ಹಳ್ಳಿಹಳ್ಳಿಯಲ್ಲಿ ಇದ್ದಾರೆಂಬುದು ಯಾವ ಸೂಚನೆಯಲ್ಲೂ ಇರಲಿಲ್ಲ.

ವೈದ್ಯರು ಇದಕ್ಕೆ ಪಿಟಿಎಸ್‌ಡಿ ಎನ್ನುತ್ತಾರೆ. ವಿಯೆಟ್ನಾಮಿನಿಂದ ಮರಳಿದ ಸೈನಿಕರ ಒತ್ತಾಯದಿಂದ 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಇದಕ್ಕೊಂದು ಜಾಗ ಸಿಕ್ಕಿತು. ಅಪಾಯ ಕಳೆದು ಎಷ್ಟೋ ವರ್ಷವಾದರೂ ಮೈ ಅಪಾಯದ ಕಾವಲಿನಲ್ಲೇ ಉಳಿದಿರುತ್ತದೆ. ನೆನಪು ಹಳೆಯದಾಗುವುದೇ ಇಲ್ಲ. ಒಂದು ವಾಸನೆ, ಒಂದು ಸದ್ದು ಸಾಕು, ಆ ದಿನ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಹಾಗಾಗದಿರಲೆಂದು ಮನುಷ್ಯ ಸಂತೆ ಬಿಡುತ್ತಾನೆ, ಜಾತ್ರೆ ಬಿಡುತ್ತಾನೆ, ಮಾತು ಬಿಡುತ್ತಾನೆ, ಸಂಜೆಯಾದರೆ ಗ್ಲಾಸು ಹಿಡಿಯುತ್ತಾನೆ. ಊರು ಅವನನ್ನು ಕುಡುಕ ಅನ್ನುತ್ತದೆ. ಮನೆಯವರು ಮದ್ಯವರ್ಜನ ಶಿಬಿರಕ್ಕೆ ಕಳಿಸುತ್ತಾರೆ. ಅಲ್ಲಿ ಕುಡಿತ ಬಿಡಿಸುತ್ತಾರೆ, ಅದು ದೊಡ್ಡ ಉಪಕಾರವೇ, ಆದರೆ ಯಾಕೆ ಕುಡಿಯುತ್ತಿದ್ದನೋ ಅದು ಅವನ ಜೊತೆಗೇ ಮನೆಗೆ ವಾಪಸು ಬರುತ್ತದೆ.

ಸೇವೆಯಲ್ಲಿದ್ದಾಗಲೇ ಹೇಳಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಸೈನ್ಯದಲ್ಲಿ ಪ್ರತಿಯೊಬ್ಬನ ಆರೋಗ್ಯವನ್ನೂ ‘ಶೇಪ್’ ಎಂಬ ಅಳತೆಯಲ್ಲಿ ಬರೆದಿಡುತ್ತಾರೆ. ಅದರಲ್ಲಿ ಮೊದಲ ಅಕ್ಷರವೇ ಮನಸ್ಸಿನದು, ಕಿವಿ, ಕೈಕಾಲು, ದೇಹಬಲ, ಕಣ್ಣು ಆಮೇಲಿನವು. ಆ ಮೊದಲ ಅಕ್ಷರದ ಮುಂದಿನ ಅಂಕಿ ಬದಲಾಯಿತೆಂದರೆ ಲೋ ಮೆಡಿಕಲ್ ಕೆಟಗರಿ. ಬಡ್ತಿಗೆ ಕುತ್ತು, ಪೋಸ್ಟಿಂಗಿಗೆ ಕುತ್ತು, ಜೊತೆಯವರ ಕಣ್ಣಿನಲ್ಲಿ ಸಣ್ಣತನ. ಹೆಂಡತಿ ಮಕ್ಕಳಿರುವ ಜವಾನ ಬಾಯಿ ಮುಚ್ಚಿಕೊಂಡು ಸರ್ವೀಸು ಮುಗಿಸುತ್ತಾನೆ. ಮುಗಿಸಿ ಊರಿಗೆ ಬಂದ ಮೇಲಾದರೂ ಕೇಳುವವರು ಇರಬೇಕಾದ್ದು ನ್ಯಾಯ.

ಅಣ್ಣನನ್ನು ನಾವು ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ವೈದ್ಯರು ಒಳ್ಳೆಯವರೇ, ಹೊರಗೆ ಸಾಲು ಉದ್ದ ಇತ್ತು. ಎರಡು ಮಾತು, ನಿದ್ದೆ ಮಾತ್ರೆ, ‘ಟೆನ್ಷನ್ ಮಾಡ್ಕೋಬೇಡಿ’. ಎಲ್ಲಿ ಸೇವೆ ಮಾಡಿದಿರಿ ಎಂದು ಕೇಳಲು ಅವರಿಗೆ ಪುರುಸೊತ್ತಿರಲಿಲ್ಲ. ಮಾತ್ರೆಯಿಂದ ಅಣ್ಣ ಹಗಲೂ ತೂಕಡಿಸಿದ, ರಾತ್ರಿಯ ಕೂಗು ನಿಲ್ಲಲಿಲ್ಲ. ಆಮೇಲೆ ಯಾರೋ ಹೇಳಿದರೆಂದು ಒಂದು ಧ್ಯಾನ ಶಿಬಿರಕ್ಕೆ ಹೋದ. ದೊಡ್ಡ ಹಾಲು, ಕಿಟಕಿಗೆ ಪರದೆ, ತುಂಬ ಜನ. ಕಣ್ಣು ಮುಚ್ಚಿ, ಒಳಗೆ ನೋಡಿ, ಏನು ಬಂದರೂ ಬರಲಿ ಎಂದರು. ಬಂದದ್ದು ಜಾಫ್ನಾ. ಎದ್ದು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಓಡಿದವನು ಧ್ಯಾನವೆಂದರೆ ಹಲವು ವರ್ಷ ಕೈ ಮುಗಿದ.

ಇದು ನಮ್ಮ ಅಣ್ಣನೊಬ್ಬನ ಕಥೆಯಲ್ಲ. ಆಘಾತ ಕಂಡವರಿಗೆ ಮುಚ್ಚಿದ ಕಣ್ಣು, ದೀರ್ಘ ಮೌನ ಕೆಲವೊಮ್ಮೆ ಹಳೆಯದನ್ನು ಕೆದಕುತ್ತವೆಂದು ಈ ಕ್ಷೇತ್ರದ ಚಿಕಿತ್ಸಕರು ಬರೆಯುತ್ತಲೇ ಬಂದಿದ್ದಾರೆ. ಹತ್ತು ದಿನದ ವಿಪಶ್ಯನ ಶಿಬಿರಗಳು ಅರ್ಜಿಯಲ್ಲೇ ಮಾನಸಿಕ ಕಾಯಿಲೆಯ ಬಗ್ಗೆ ಕೇಳಿ, ಗಂಭೀರವಾಗಿದ್ದರೆ ಸೇರಿಸಿಕೊಳ್ಳುವುದಿಲ್ಲ. ಅದು ಅವರ ಜವಾಬ್ದಾರಿಯ ಲಕ್ಷಣ. ಹಾಗೆ ಬಾಗಿಲಿನಿಂದ ಹಿಂದಿರುಗಿದವನು ಎಲ್ಲಿಗೆ ಹೋಗಬೇಕೆಂಬುದು ಸರ್ಕಾರದ ಜವಾಬ್ದಾರಿ.

ನಮ್ಮ ಅಣ್ಣನಿಗೆ ಬೆಳಕು ಕಂಡದ್ದು ಎರಡೂ ಕೂಡಿದಾಗ. ಹೇಗೆ ಎಂದು ವಿವರವಾಗಿ ಬರೆಯುತ್ತೇನೆ. ತಾಲ್ಲೂಕಿನಲ್ಲಿ ಇದನ್ನು ನಡೆಸಲು ಎಷ್ಟು ಕಡಿಮೆ ಬೇಕೆಂಬುದು ನಿಮಗೆ ಕಾಣಬೇಕು.

ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಆಪ್ತಸಮಾಲೋಚಕಿ, ನಮ್ಮೂರಿನ ನಿವೃತ್ತ ಯೋಗ ಮೇಷ್ಟ್ರು, ಇಬ್ಬರೂ ಮೊದಲು ತಾವು ಕೂತು ಮಾತಾಡಿಕೊಂಡರು. ಅಣ್ಣನಿಗೆ ಬಾಗಿಲು ಕಾಣುವ ಜಾಗದಲ್ಲಿ ಕುರ್ಚಿ ಹಾಕಿದರು. ಕಣ್ಣು ಮುಚ್ಚಬೇಕೆಂದು ಹೇಳಲಿಲ್ಲ. ನೆಲಕ್ಕೆ ತಾಗಿದ ಪಾದ, ಕುರ್ಚಿಗೆ ತಾಗಿದ ಬೆನ್ನು, ಮೂಗಿನಿಂದ ಹೊರಗೆ ಹೋಗುವ ಉಸಿರು, ಅಷ್ಟನ್ನೇ ಗಮನಿಸಲು ಹೇಳಿದರು. ತೆಗೆದುಕೊಳ್ಳುವ ಉಸಿರಿಗಿಂತ ಬಿಡುವ ಉಸಿರು ಉದ್ದವಾಗಿರಲಿ ಎಂದರು, ಹಾಗೆ ಬಿಟ್ಟಾಗ ಎದೆಬಡಿತ ತಾನಾಗಿ ನಿಧಾನವಾಗುತ್ತದೆ. ಮೊದಮೊದಲು ಐದು ನಿಮಿಷ ಮಾತ್ರ. ಕೆಲವು ವಾರ ಯುದ್ಧದ ಮಾತೇ ಎತ್ತಲಿಲ್ಲ. ಮೈ ಹೆದರಿದಾಗ ಅದನ್ನು ತಾನೇ ಇಳಿಸಬಲ್ಲೆ ಎಂಬ ಧೈರ್ಯ ಅವನಿಗೆ ಬಂದ ಮೇಲೆ ಆಕೆ ಒಂದು ದಿನ ಕೇಳಿದರು: ಆ ದಿನ ಬೆಳಗ್ಗೆ ಏನು ತಿಂಡಿ ತಿಂದಿದ್ದಿರಿ? ಅಲ್ಲಿಂದ ಶುರುವಾಯಿತು. ಸ್ವಲ್ಪ ಹೇಳುವುದು, ಉಸಿರು ಏರಿದರೆ ನಿಲ್ಲಿಸಿ ಪಾದಕ್ಕೆ ಗಮನ ತರುವುದು, ಮತ್ತೆ ಹೇಳುವುದು. ಅದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಿದರು. ಇದು ಅವರು ಹೊಸದಾಗಿ ಹೊಸೆದ ಉಪಾಯವಲ್ಲ. ನೆನಪಿನಿಂದ ಓಡದೆ, ಸುರಕ್ಷಿತ ಜಾಗದಲ್ಲಿ ಅದನ್ನು ಎದುರಿಸಿ ಎದುರಿಸಿ ಅದರ ವಿಷ ಇಳಿಸುವ ಚಿಕಿತ್ಸೆಯನ್ನು ಎಡ್ನಾ ಫೋವಾ ಎಂಬ ವಿಜ್ಞಾನಿ ರೂಪಿಸಿದ್ದಾರೆ, ಅದು ಹಲವು ದೇಶಗಳ ಸೈನಿಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅದನ್ನು ಸಹಿಸಲಾರದೆ ಅರ್ಧಕ್ಕೆ ಬಿಟ್ಟುಹೋಗುವವರು ಹೆಚ್ಚು ಎಂಬುದೇ ಅದರ ತೊಡಕು. ಮೇಷ್ಟ್ರು ಕಲಿಸಿದ ಉಸಿರು ಆ ತೊಡಕನ್ನು ಬಿಡಿಸಿತು. ಅಣ್ಣ ಬಿಟ್ಟುಹೋಗಲಿಲ್ಲ. ಅವನ ಜೊತೆ ಹೋಗಿ ಸತ್ತ ಗೆಳೆಯನ ಹೆಸರು ಅತ್ತಿಗೆಯ ಕಿವಿಗೆ ಬಿದ್ದದ್ದು ಆಗಲೇ ಮೊದಲು, ಮದುವೆಯಾಗಿ ಅಷ್ಟು ವರ್ಷದ ಮೇಲೆ.

ಆಮೇಲೆ ಆಕೆಯ ಗುತ್ತಿಗೆ ಮುಗಿಯಿತು. ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ನಾವು ಕೇಳಿದಾಗ ಪ್ರಸ್ತಾವ ಹೋಗಿದೆ ಎಂದರು. ಹೇಳಲು ಶುರುಮಾಡಿದ ಮನುಷ್ಯನನ್ನು ಅರ್ಧದಲ್ಲಿ ಬಿಡುವುದು ಹೇಳಿಸದೇ ಇರುವುದಕ್ಕಿಂತ ಕ್ರೂರ. ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರ ಗುತ್ತಿಗೆ ಮುಗಿಯಿತೆಂದು ಯಾರಾದರೂ ಕತ್ತರಿ ಕೆಳಗಿಟ್ಟು ಹೋಗುತ್ತಾರೆಯೇ?

ಇದು ನಮ್ಮ ಮನೆಯ ಅನುಭವ ಮಾತ್ರ ಎನ್ನಬೇಡಿ. 2004ರ ಸುನಾಮಿಯ ನಂತರ ನಾಗಪಟ್ಟಣದ ಶಿಬಿರಗಳಲ್ಲಿ 183 ಸಂತ್ರಸ್ತರ ಮೇಲೆ ಒಂದು ಅಧ್ಯಯನ ನಡೆದು 2010ರಲ್ಲಿ ಪ್ರಕಟವಾಯಿತು. ಕೆಲವರಿಗೆ ಯೋಗದ ಉಸಿರಾಟ ಮಾತ್ರ, ಕೆಲವರಿಗೆ ಉಸಿರಾಟದ ಜೊತೆ ಆಘಾತದ ನೆನಪನ್ನು ಹೇಳಿಸುವ ಚಿಕಿತ್ಸೆ, ಉಳಿದವರು ಆರು ವಾರ ಕಾಯುವ ಗುಂಪು. ಮೊದಲೆರಡು ಗುಂಪುಗಳೂ ಕಾಯುವವರಿಗಿಂತ ಬಹಳ ಸುಧಾರಿಸಿದವು. ಎರಡರ ನಡುವೆ ಹೆಚ್ಚಿನ ಅಂತರ ಕಾಣಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಅಂದರೆ ಉಸಿರೊಂದೇ ಸಾಕಾಗುವವರು ಇರುತ್ತಾರೆ. ಯಾರಿಗೆ ಸಾಕು, ಯಾರಿಗೆ ಮಾತೂ ಬೇಕು, ಯಾರಿಗೆ ಮಾತ್ರೆಯೂ ಬೇಕು ಎಂದು ನೋಡಿ ಹೇಳಲು ತಿಳಿದವರೊಬ್ಬರು ಎದುರಿಗೆ ಇರಬೇಕು, ನಾನು ಕೇಳುವುದು ಅದನ್ನೇ. 2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಅಮೆರಿಕದ 203 ಮಾಜಿ ಸೈನಿಕರದು. ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ ಅಲ್ಲಿ ನೆನಪನ್ನು ಎದುರಿಸುವ ಚಿಕಿತ್ಸೆಗೆ ಸಮವಾಗಿ ನಿಂತಿತು.

ಇನ್ನೂ ಹತ್ತಿರದ ವಿಷಯ ಕೇಳಿ. ಸುದರ್ಶನ ಕ್ರಿಯೆ ಎಂಬ ಉಸಿರಾಟದ ವಿಧಾನ ತಮಗೆ ಹೊಳೆದದ್ದು 1982ರಲ್ಲಿ ಶಿವಮೊಗ್ಗದಲ್ಲಿ, ಭದ್ರಾ ದಡದಲ್ಲಿ ಹತ್ತು ದಿನ ಮೌನದಲ್ಲಿದ್ದಾಗ ಎಂದು ಶ್ರೀ ಶ್ರೀ ರವಿಶಂಕರ್ ಹೇಳಿದ್ದಾರೆ. ಅದೇ ಭದ್ರೆಗೆ ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಅಣೆಕಟ್ಟು. ಆ ಕ್ರಿಯೆಯನ್ನು ನಿಮ್ಹಾನ್ಸ್ ವೈದ್ಯರು ತೀವ್ರ ಖಿನ್ನತೆಯ 45 ರೋಗಿಗಳ ಒಂದು ಅಧ್ಯಯನದಲ್ಲಿ ಪರೀಕ್ಷಿಸಿ 2000ದಲ್ಲಿ ವರದಿ ಮಾಡಿದರು. 2014ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದ ಸೈನಿಕರಿಗೆ ಅದನ್ನು ಕಲಿಸಿ, ಪಿಟಿಎಸ್‌ಡಿಯ ಲಕ್ಷಣಗಳು ಕಡಿಮೆಯಾದದ್ದನ್ನು ಅಳೆದು ತೋರಿಸಿದರು. ಗುಂಪು ಚಿಕ್ಕದು, ಫಲ ಒಳ್ಳೆಯದು. ಭದ್ರಾ ದಡದ ಉಸಿರು ವಿಸ್ಕಾನ್ಸಿನ್ನಿನ ಜವಾನನಿಗೆ ತಲುಪಿದೆ. ಭದ್ರೆಯ ನೀರನ್ನು ಕಾದು ಕೂತಿರುವ ಅಜ್ಜಂಪುರದ ಜವಾನನಿಗೆ ತಲುಪಿಲ್ಲ.

ಸಾಮಾನ್ಯವಾಗಿ ಕೊಡುವ ಉತ್ತರ ನನಗೆ ಗೊತ್ತಿದೆ: ಜನರಲ್ಲಿ ಅರಿವಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಶಿವಮೊಗ್ಗದ ಡಾ. ಅಶೋಕ್ ಪೈ ಅವರು ಲೇಖನಗಳಲ್ಲಿ, ‘ಕಾಡಿನ ಬೆಂಕಿ’ಯಂಥ ಸಿನಿಮಾದ ಮೂಲಕ ಮನಸ್ಸಿನ ಕಾಯಿಲೆಯ ಮಾತನ್ನು ಮಲೆನಾಡಿನ ಮನೆಗಳಿಗೆ ತಂದು ದಶಕಗಳಾದವು. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ಇಲ್ಲದ ಹಳ್ಳಿ ಗ್ರಂಥಾಲಯ ಅಪರೂಪ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಮುಟ್ಟಿಸಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. 1996ರಿಂದ ಅದೇ ಮಾದರಿ ಇಡೀ ದೇಶದ ಜಿಲ್ಲಾ ಕಾರ್ಯಕ್ರಮವಾಯಿತು. ಕರ್ನಾಟಕವು ಮನೋಚೈತನ್ಯ ಎಂಬ ಯೋಜನೆ ತಂದು, ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂದು ಮಾಡಿತು. ಜನಕ್ಕೆ ಅರಿವಿದೆ. ಕಾಯಂ ಹುದ್ದೆ ಇಲ್ಲ.

ಅಜ್ಜಂಪುರದವಳಾಗಿ ಇನ್ನೊಂದು ಮಾತು ಹೇಳದೆ ಇರಲಾರೆ. ನಮ್ಮೂರಿನ ಹೆಸರು ಹೊರಗಿನವರಿಗೆ ಗೊತ್ತಿರುವುದು ಅಮೃತಮಹಲ್ ತಳಿ ಕೇಂದ್ರದಿಂದ. ಮೈಸೂರು ಅರಸರ ಬೆಣ್ಣೆ ಚಾವಡಿ ಎಂಬ ರಾಸುಗಳ ಇಲಾಖೆಯಿಂದ ಬಂದ ತಳಿ ಅದು. ಅದರ ಎತ್ತುಗಳು ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದವು, 1799ರ ನಂತರ ಇಂಗ್ಲಿಷರ ದಂಡಿಗೂ ಎಳೆದವು. ಈ ಎತ್ತುಗಳಿಗಾಗಿ ರಾಜ್ಯದ ಉದ್ದಕ್ಕೂ ಕಾವಲು ಎಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ದಂಡಿಗೆ ದುಡಿದ ಜೀವ ಯಾವ ಋತುವಿನಲ್ಲಿ ಎಲ್ಲಿ ಮೇಯಬೇಕು, ಎಲ್ಲಿ ನೆರಳು, ಎಲ್ಲಿ ನೀರು ಎಂದು ಲೆಕ್ಕ ಹಾಕಿ ಇಟ್ಟ ಇಲಾಖೆ ಅದು. ಫಿರಂಗಿ ಎಳೆದ ಎತ್ತಿಗೆ ಮೂರು ಕಾವಲು ಕೊಟ್ಟ ನೆಲದಲ್ಲಿ ಫಿರಂಗಿಯ ಮುಂದೆ ನಿಂತ ಮನುಷ್ಯನಿಗೆ ಒಂದು ಕೋಣೆ ಕೇಳುತ್ತಿದ್ದೇನೆ.

ಕೇಳುವ ಹಕ್ಕೂ ಇದೆ. ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017ರ 18ನೆಯ ಸೆಕ್ಷನ್ ಪ್ರತಿಯೊಬ್ಬರಿಗೂ ಸರ್ಕಾರಿ ಮಾನಸಿಕ ಚಿಕಿತ್ಸೆ ಕೈಗೆಟುಕಬೇಕೆಂದು ಹೇಳುತ್ತದೆ. ಕನಿಷ್ಠ ಸೇವೆಗಳು ಜಿಲ್ಲೆಯಲ್ಲಿ ಸರ್ಕಾರದಿಂದ ಸಿಗದಿದ್ದರೆ ಆ ಜಿಲ್ಲೆಯಲ್ಲೇ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊರಬೇಕು. 23ನೆಯ ಸೆಕ್ಷನ್ ಗುಟ್ಟು ಕಾಪಾಡುತ್ತದೆ. ಈ 23ನೆಯದನ್ನು ಸೈನಿಕರಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು, ಅವರು ಹೆದರುವುದು ಅಲ್ಲಿಯೇ.

ಆದ್ದರಿಂದ ಕೇಳುತ್ತಿದ್ದೇನೆ. ಅಜ್ಜಂಪುರ, ತರೀಕೆರೆ, ಕಡೂರು ಮೂರೂ ತಾಲ್ಲೂಕುಗಳಿಗೆ ಸೇರಿ ಒಬ್ಬ ತರಬೇತಾದ ಮನಶ್ಶಾಸ್ತ್ರಜ್ಞರನ್ನು ಕಾಯಂ ಆಗಿ ನೇಮಿಸಿ. ಮಂಗಳವಾರದ ಮನೋಚೈತನ್ಯ ಚಿಕಿತ್ಸೆಯ ದಿನ ಆಯುಷ್ ಯೋಗ ಶಿಕ್ಷಕರು ಅವರ ಪಕ್ಕದಲ್ಲೇ ಕೂರಲಿ, ಇಬ್ಬರ ಮುಂದೆಯೂ ಒಂದೇ ಫೈಲು ಇರಲಿ. ಆ ಯೋಗ ಶಿಕ್ಷಕರಿಗೆ ಮೊದಲು ನಿಮ್ಹಾನ್ಸ್‌ನಲ್ಲಿ ತರಬೇತಿ ಕೊಡಿಸಿ. ಜೂನ್ 21ರ ಯೋಗ ದಿನದಂದು ಮೈದಾನದಲ್ಲಿ ಆಸನ ಮಾಡಿಸುವುದೇ ಬೇರೆ, ಬೆಚ್ಚಿದ ಮನುಷ್ಯನ ಪಕ್ಕದಲ್ಲಿ ಕೂತು ಉಸಿರು ಹೇಳಿಕೊಡುವುದೇ ಬೇರೆ. ಯಾವಾಗ ನಿಲ್ಲಿಸಬೇಕೆಂದು ಅವರಿಗೆ ಗೊತ್ತಿರಬೇಕು. ಸೈನಿಕ ಕಲ್ಯಾಣ ಇಲಾಖೆಯವರು ನಿವೃತ್ತರ ಪಟ್ಟಿ ಇಟ್ಟುಕೊಂಡು ಮನೆಗೆ ಹೋಗಿ, ಹೆಂಡತಿಯ ಜೊತೆಯೂ ಬೇರೆಯಾಗಿ ಮಾತಾಡಬೇಕು. ಗಂಡ ಹೇಳದ್ದನ್ನು ಅವಳು ಹೇಳುತ್ತಾಳೆ.

ಸಿಆರ್‌ಪಿಎಫ್, ಬಿಎಸ್‌ಎಫ್‌ನಿಂದ ಬಂದವರನ್ನು ಹೊರಗಿಡಬೇಡಿ. ಅವರು ಗೃಹ ಸಚಿವಾಲಯದ ಪಡೆಗಳವರು, ಮಾಜಿ ಸೈನಿಕರ ಇಸಿಎಚ್‌ಎಸ್ ಅವರಿಗೆ ಅನ್ವಯಿಸುವುದಿಲ್ಲ. 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಬಸ್ಸುಗಳ ಸಾಲಿನ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಸತ್ತ ಯೋಧರೆಲ್ಲ ಸಿಆರ್‌ಪಿಎಫ್‌ನವರು, ನಮ್ಮ ಮದ್ದೂರು ಕಡೆಯ ಗುಡಿಗೆರೆಯ ಎಚ್. ಗುರು ಅವರಲ್ಲೊಬ್ಬರು. ಆ ಸಾಲಿನ ಬೇರೆ ಬಸ್ಸುಗಳಲ್ಲಿದ್ದು ಬದುಕಿ ಬಂದವರೂ ಯಾವುದೋ ಊರಿನ ಮಕ್ಕಳೇ.

ಆ ಕೋಣೆ ಬರುವವರೆಗೆ, ಇದನ್ನು ಓದುತ್ತಿರುವ ಮನೆಗಳಿಗೆ ಒಂದು ಮಾಹಿತಿ: ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡಿಲ್ಲ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಸೈನಿಕರಿಗೂ ಅವರ ಮನೆಯವರಿಗೂ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಪ್ರತ್ಯೇಕ ಘಟಕ 2023ರ ಡಿಸೆಂಬರಿನಲ್ಲಿ ಶುರುವಾಗಿದೆ. ಫೋನು ಮಾಡಿ. ಫೋನಿನಲ್ಲಿ ಶುರುವಾದ ಮಾತು ಮುಂದುವರಿಯಲು ಊರಿನಲ್ಲೊಂದು ಜಾಗ ಬೇಕೆಂಬುದನ್ನೂ ಅವರಿಗೆ ಹೇಳಿ.

ಮಾನ್ಯರೆ, ಈ ಪತ್ರದ ಪ್ರತಿಯನ್ನು ಮೂವರಿಗೂ ಅಂಚೆಯಲ್ಲಿ ಕಳಿಸಿದ್ದೇನೆ. ಸಂಬಂಧಪಟ್ಟ ಇಲಾಖೆಗೆ ವರ್ಗಾಯಿಸಲಾಗಿದೆ ಎಂಬ ಉತ್ತರ ದಯವಿಟ್ಟು ಬೇಡ. ಸಂಬಂಧಪಟ್ಟವರು ನೀವು ಮೂವರೂ. ಹುದ್ದೆ ಯಾವ ತಿಂಗಳು ತುಂಬುತ್ತೀರಿ, ಯಾವ ಆಸ್ಪತ್ರೆಯಲ್ಲಿ ಯಾವ ಕೋಣೆ ಕೊಡುತ್ತೀರಿ ಎಂದು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಅಜ್ಜಂಪುರದ ಒಬ್ಬ ಮಾಜಿ ಸೈನಿಕನ ತಂಗಿ